ಬೀಗದ ಕೈಯೂ ಓದುಗನ ಕೈಯೂ

ಪುಸ್ತಕಭಂಡಾರವನ್ನು ಕಾಯುವುದೆಂದರೆ ಏನು? ಬಾಗಿಲಿಗೆ ಬೀಗ ಜಡಿಯುವುದೇ? ಅಥವಾ ಬಾಗಿಲನ್ನು ತೆರೆದು ಬಂದವರನ್ನು ಬರಮಾಡಿಕೊಳ್ಳುವುದೇ? ಈ ವಾರ ವಾಚಕರ ಮುಂದಿಡಬೇಕೆಂದಿರುವ ಪ್ರಶ್ನೆ ಇದು. ಮೇಲುನೋಟಕ್ಕೆ ಗ್ರಂಥಪಾಲಕರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರಬಹುದು. ವಿಚಾರ ಮಾಡಿದರೆ ನಮ್ಮೆಲ್ಲರ ಮಕ್ಕಳಿಗೂ ಸಂಬಂಧಿಸಿದ ವಿಷಯವೇ ಸರಿ.

ಸರ್ಜಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರು ಒಂದು ಕಾಲಕ್ಕೆ ನೇಯ್ಗೆಗೆ ಹೆಸರಾಗಿತ್ತು. ಇಂದು ಅದರ ಸುತ್ತಿನ ರಾಗಿಯ ಹೊಲಗಳಲ್ಲಿ ಬಹುಮಹಡಿಯ ಮನೆಗಳೂ ಕಂಪ್ಯೂಟರ್ ಉದ್ಯಮದವರ ವಸತಿಗಳೂ ಎದ್ದಿವೆ. ವಿದ್ಯಾಸಂಸ್ಥೆಗಳೂ ಬಂದಿವೆ. 2010ರಲ್ಲಿ ರಾಜ್ಯದ ಕಾಯಿದೆಯಿಂದ ಸ್ಥಾಪಿತವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಆವರಣ ಈ ಊರಿನ ಮಗ್ಗುಲಲ್ಲಿಯೇ ಇದೆ. ರಸ್ತೆ ಹಿಡಿದು ಬೆಂಗಳೂರಿನ ಕಡೆಗೆ ಹೊರಟರೆ ಕಸವನಹಳ್ಳಿಯಲ್ಲಿ ಅಮೃತ ವಿಶ್ವವಿದ್ಯಾಪೀಠದ ಶಾಖೆ. ಆನೇಕಲ್ಲಿನ ದಿಕ್ಕಿಗೆ ತಿರುಗಿದರೆ ಅಲಯನ್ಸ್ ವಿಶ್ವವಿದ್ಯಾಲಯ. ಇವುಗಳಲ್ಲಿ ಯಾವೊಂದರ ಗುಣದೋಷಗಳನ್ನು ತೂಗುವುದು ನಮ್ಮ ಉದ್ದೇಶವಲ್ಲ. ವಿಶ್ವವಿದ್ಯಾಲಯವೊಂದು ಊರಿನ ನೆರೆಯಲ್ಲಿ ಬಂದು ನೆಲಸಿದಾಗ ಅದರ ಪುಸ್ತಕಭಂಡಾರ ಆ ಊರಿಗೆ ಏನಾಗಬೇಕು ಎಂಬುದಷ್ಟೇ ನಮ್ಮ ಜಿಜ್ಞಾಸೆ. ಪರೀಕ್ಷೆಗೆ ಓದುತ್ತಿರುವ ನೇಕಾರರ ಮಗಳು, ನಾಳಿನ ಪಾಠಕ್ಕೆ ಒಂದು ವಿವರ ಬೇಕಾಗಿರುವ ಸರ್ಕಾರಿ ಶಾಲೆಯ ಉಪಾಧ್ಯಾಯರು, ಜಮೀನಿನ ಕಾನೂನನ್ನು ತಾವೇ ಓದಿ ತಿಳಿಯಬೇಕೆಂದಿರುವ ರೈತರು, ಇವರಿಗೆ ಅಲ್ಲಿ ಒಂದು ಮೇಜು, ಒಂದು ಕುರ್ಚಿ ದೊರೆಯಬೇಕೇ ಬೇಡವೇ?

ಈ ಮಾತನ್ನೆತ್ತಿದಾಗ ಎಲ್ಲ ಕಡೆಯೂ ಬರುವ ಉತ್ತರ ಒಂದೇ. “ಹೊರಗಿನವರನ್ನು ಒಳಗೆ ಬಿಟ್ಟರೆ ಪುಸ್ತಕಗಳಿಗೆ ಭದ್ರತೆ ಎಲ್ಲಿಯದು?” ಕೊಟ್ಟ ಪುಸ್ತಕ ಕೆಟ್ಟಿತೆಂಬುದು ನಮ್ಮ ಹಿರಿಯರ ಕಾಲದಿಂದ ಬಂದ ಅಂಜಿಕೆ. ಅದನ್ನು ಹಗುರವಾಗಿ ತಳ್ಳಿಹಾಕಬೇಕಾಗಿಲ್ಲ. ಆದರೆ ಪುಸ್ತಕದ ನಿಜವಾದ ಶತ್ರುಗಳು ಯಾರೆಂಬುದನ್ನು ಮೊದಲು ಎಣಿಸಿ ನೋಡುವುದು ಒಳ್ಳೆಯದು.

ಹಿಂದೆ ತಾಳೆಗರಿಯಲ್ಲಿ ಗ್ರಂಥಗಳನ್ನು ಪ್ರತಿಮಾಡುತ್ತಿದ್ದವರು ಕೊನೆಯ ಗರಿಯಲ್ಲಿ ಓದುಗನಿಗೆ ಒಂದು ಬಿನ್ನಹವನ್ನು ಬರೆದಿಡುವ ಪದ್ಧತಿಯಿತ್ತು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು, ಅವಿವೇಕಿಯ ಕೈಗೆ ಕೊಡಬೇಡ ಎಂದು ಗ್ರಂಥವೇ ಬೇಡಿಕೊಳ್ಳುವಂತೆ ಅದು ಇರುತ್ತಿತ್ತು. ಅವರ ಪಟ್ಟಿಯಲ್ಲಿ ಮೊದಲ ಸ್ಥಾನ ಕಳ್ಳನಿಗೆ ದೊರೆತಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಕಾಲದ ಅನುಭವವೂ ಇದನ್ನೇ ಸಮರ್ಥಿಸುತ್ತದೆ. 2021ರ ಏಪ್ರಿಲ್ ತಿಂಗಳಿನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕರೊಬ್ಬರು ತಮ್ಮ ದುಡಿಮೆಯಿಂದ ಜನರಿಗಾಗಿ ನಡೆಸುತ್ತಿದ್ದ ಪುಸ್ತಕಾಲಯ ಬೆಂಕಿಗೆ ಆಹುತಿಯಾಯಿತು. ಸಾವಿರಾರು ಪುಸ್ತಕಗಳು ಬೂದಿಯಾದವು. ಅದೇ ತಿಂಗಳಿನಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾಲಯದ ಮೇಲೆ ಬೆಟ್ಟದಿಂದ ಕಾಳ್ಗಿಚ್ಚು ಇಳಿದು ಬಂದು, ಜಾಗರ್ ಗ್ರಂಥಾಲಯದ ವಾಚನ ಮಂದಿರವನ್ನು ಸುಟ್ಟುಹಾಕಿತು. ಅಲ್ಲಿ ಬೆಂಕಿಯನ್ನು ಕಂಡೊಡನೆ ತಾನಾಗಿ ಮುಚ್ಚಿಕೊಳ್ಳುವ ಲೋಹದ ಬಾಗಿಲುಗಳಿದ್ದುದರಿಂದ ಉಳಿದ ಭಾಗಗಳಿಗೆ ಜ್ವಾಲೆ ಹರಡಲಿಲ್ಲ. ಬಡವರ ಚಪ್ಪರಕ್ಕೂ ಶ್ರೀಮಂತ ವಿಶ್ವವಿದ್ಯಾಲಯಕ್ಕೂ ಬೆಂಕಿ ಒಂದೇ. ಉಳಿದದ್ದು ಎಷ್ಟು ಎಂಬುದನ್ನು ನಿರ್ಣಯಿಸಿದ್ದು ಮುಂಜಾಗ್ರತೆ. ದ್ವಾರಪಾಲಕನ ಲಾಠಿಗೆ ಅಲ್ಲಿ ಕೆಲಸವಿರಲಿಲ್ಲ.

ಇನ್ನು ಕಳ್ಳನ ಮಾತು. ಅಮೆರಿಕದಲ್ಲಿ ಸ್ಟೀಫನ್ ಬ್ಲೂಮ್‌ಬರ್ಗ್ ಎಂಬಾತ 1990ರಲ್ಲಿ ಸೆರೆಸಿಕ್ಕಾಗ, 200ಕ್ಕೂ ಹೆಚ್ಚು ಗ್ರಂಥಾಲಯಗಳಿಂದ ಅವನು ಅಪಹರಿಸಿದ್ದ ಪುಸ್ತಕಗಳ ಸಂಖ್ಯೆ 20,000ವನ್ನು ಮೀರಿತ್ತು. ಆ ಮಹಾನುಭಾವ ಒಳಗೆ ಹೋಗುತ್ತಿದ್ದುದಾದರೂ ಹೇಗೆ? ಪ್ರಾಧ್ಯಾಪಕರೊಬ್ಬರ ಗುರುತಿನ ಚೀಟಿಯನ್ನು ಕದ್ದು, ಅದರ ಬಲದಿಂದಲೇ! ಚೀಟಿಯಿಲ್ಲದ ಬಡ ಓದುಗ ಬಾಗಿಲಲ್ಲಿ ನಿಂತ; ಚೀಟಿಯುಳ್ಳ ಕಳ್ಳ ಒಳಗೆ ನಡೆದ. ಬಾಗಿಲಿನ ತಪಾಸಣೆ ಬೇಡವೆಂದು ಇದರ ಅರ್ಥವಲ್ಲ. ತಪಾಸಣೆಯೊಂದನ್ನೇ ನಂಬಿ ಕುಳಿತರೆ ಪ್ರಾಮಾಣಿಕರು ಮಾತ್ರ ಹೊರಗುಳಿಯುತ್ತಾರೆ ಎಂಬುದು ಇದರ ಅರ್ಥ.

ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಬಾಳಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದು. ಓದುಗನು ಕಪಾಟಿನ ಬಳಿಗೆ ತಾನೇ ಹೋಗಿ ಪುಸ್ತಕವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಬೇಕೆಂದು ಅವರು ವಾದಿಸಿದರು. ಅವರ ಸೂತ್ರಗಳನ್ನು ಗೋಡೆಗೆ ತೂಗುಹಾಕಿ ಕಪಾಟಿಗೆ ಬೀಗ ಹಾಕಿರುವ ಕಡೆಗಳು ಇಂದಿಗೂ ಇಲ್ಲದಿಲ್ಲ.

ಹೀಗೇಕೆ? ದೋಷವನ್ನೆಲ್ಲ ಗ್ರಂಥಪಾಲಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪುಸ್ತಕವೊಂದು ಕಾಣೆಯಾದರೆ ಲೆಕ್ಕ ಪರಿಶೋಧಕರು ಬಂದು ತಮ್ಮ ಸಂಬಳದಿಂದ ಹಣ ಮುರಿದಾರೆಂಬ ಭಯ ಅವರಿಗಿದೆ. ಓದಲ್ಪಡದ ಪುಸ್ತಕಕ್ಕೆ ಯಾರೂ ಸಮಜಾಯಿಷಿ ಕೇಳುವುದಿಲ್ಲ. ಕಳೆದುಹೋದ ಪುಸ್ತಕಕ್ಕೆ ಎಲ್ಲರೂ ಕೇಳುತ್ತಾರೆ. ಹೀಗಿರುವಾಗ ಬೀಗ ಹಾಕುವುದೇ ಜಾಣತನವೆಂದು ತೋರುವುದು ಸಹಜ. ಆದರೆ ಸರ್ಕಾರದ ನಿಯಮವೇ ಇದಕ್ಕಿಂತ ಉದಾರವಾಗಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಒಂದು ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶಿಸಲ್ಪಟ್ಟ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳು ನಷ್ಟವಾದರೆ, ಅದರಲ್ಲಿ ಮೋಸವಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದ ಪಕ್ಷದಲ್ಲಿ, ಅದನ್ನು ಯುಕ್ತವೆಂದೇ ಭಾವಿಸಬೇಕು. 1,000 ರೂಪಾಯಿಗೆ ಮೇಲ್ಪಟ್ಟ ಬೆಲೆಯ ಪುಸ್ತಕಗಳೂ ಅಪೂರ್ವ ಗ್ರಂಥಗಳೂ ಹೋದರೆ ಮಾತ್ರ ತಪ್ಪದೆ ವಿಚಾರಣೆ ನಡೆಯಬೇಕು. ಉಪಯೋಗವಾದಲ್ಲಿ ಸವಕಳಿ ಇದ್ದೇ ಇರುತ್ತದೆ ಎಂಬ ಲೋಕಾನುಭವ ಈ ನಿಯಮದಲ್ಲಿದೆ. ಖಾಸಗಿ ವಿಶ್ವವಿದ್ಯಾಲಯಗಳಿಗೆ ಅದು ಅನ್ವಯಿಸದೆ ಇರಬಹುದು. ಅದರ ವಿವೇಕವನ್ನು ಎರವಲು ಪಡೆಯುವುದಕ್ಕೆ ಅಡ್ಡಿಯೇನಿದೆ?

ಬಾಗಿಲು ತೆರೆದಿದ್ದುದರಿಂದ ಲೋಕಕ್ಕೆ ಆದ ಲಾಭಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಮೈಸೂರಿನಲ್ಲಿ 1891ರಲ್ಲಿ ಪ್ರಾಚ್ಯ ಪುಸ್ತಕಭಂಡಾರವೊಂದು ಸ್ಥಾಪನೆಯಾಯಿತು. ಮುಂದೆ ಅದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಂದು ತಾಳೆಗರಿಯ ಕಟ್ಟನ್ನು ತಂದೊಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮುದ್ರಿಸಿ ಪ್ರಕಟಿಸಿದರು. ಯಾವ ಗುರುತಿನ ಚೀಟಿಯೂ ಇಲ್ಲದ ಆ ಆಗಂತುಕರನ್ನು ಬಾಗಿಲಿನಲ್ಲಿಯೇ ತಡೆದು ಕಳುಹಿಸಿದ್ದರೆ ಗತಿಯೇನು? ಅಚ್ಚಾಗಿ ದೇಶದೇಶಗಳ ಓದುಗರ ಕೈ ಸೇರಿದ ಮೇಲೆ ಆ ಗ್ರಂಥಕ್ಕೆ ಬೆಂಕಿಯ ಭಯವೂ ಇಲ್ಲ, ಗೆದ್ದಲಿನ ಭಯವೂ ಇಲ್ಲ. ಹತ್ತು ಬೀಗಗಳು ಕೊಡಲಾರದ ಭದ್ರತೆಯನ್ನು ಅದಕ್ಕೆ ಓದುಗರು ಕೊಟ್ಟರು.

ಹಾಗಾದರೆ ಮಾಡತಕ್ಕದ್ದೇನು? ಸಾಧ್ಯವಾದ ಕೆಲವು ಕ್ರಮಗಳನ್ನು ಸೂಚಿಸಬಹುದು.

ಮೊದಲನೆಯದಾಗಿ, ಸುತ್ತಲಿನ ಊರುಗಳವರಿಗೆ ಓದುಗರ ಚೀಟಿ ಕೊಡಬೇಕು. ಪುಸ್ತಕವನ್ನು ಮನೆಗೆ ಒಯ್ಯುವ ಹಕ್ಕು ಆರಂಭದಲ್ಲಿ ಬೇಡ. ಅಲ್ಲಿಯೇ ಕುಳಿತು ಓದುವ ಅವಕಾಶ ಸಾಕು. ವಿದ್ಯಾರ್ಥಿಗಳ ದಟ್ಟಣೆ ಕಡಿಮೆಯಾದ ಭಾನುವಾರ ಮತ್ತು ರಜೆಯ ದಿನಗಳಿಂದ ಪ್ರಾರಂಭಿಸಬಹುದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. ಅಲ್ಲಿಯ ಮೇಲ್ವಿಚಾರಕರ ಪರಿಚಯ ಪತ್ರವನ್ನು ತಂದವರಿಗೆ ಚೀಟಿ ಕೊಟ್ಟರೆ, ಗುರುತಿನ ಸಮಸ್ಯೆಯೂ ಬಗೆಹರಿಯುತ್ತದೆ, ಎರಡು ಸಂಸ್ಥೆಗಳಿಗೆ ನಂಟೂ ಬೆಳೆಯುತ್ತದೆ.

ಎರಡನೆಯದಾಗಿ, ಬಾಗಿಲಲ್ಲಿ ಕಾವಲುಗಾರನ ಜೊತೆಗೆ ಪುಸ್ತಕ ಬಲ್ಲವರೊಬ್ಬರು ಇರಬೇಕು. “ಯಾರು ನೀನು?” ಎಂಬ ಪ್ರಶ್ನೆಗಿಂತ “ತಮಗೆ ಯಾವ ಪುಸ್ತಕ ಬೇಕಾಗಿತ್ತು?” ಎಂಬ ಪ್ರಶ್ನೆ ಕಳ್ಳನನ್ನು ಹೆಚ್ಚು ತಬ್ಬಿಬ್ಬುಗೊಳಿಸುತ್ತದೆ, ಓದುಗನನ್ನಾದರೋ ಸಂತೋಷಗೊಳಿಸುತ್ತದೆ.

ಮೂರನೆಯದಾಗಿ, ಪುಸ್ತಕಗಳಿಗೆ ಅಂಟಿಸುವ ರೇಡಿಯೊ ತಗಡುಗಳನ್ನು ಬಾಗಿಲಲ್ಲಿ ಗಂಟೆ ಬಾರಿಸುವುದಕ್ಕೆ ಮಾತ್ರ ಮೀಸಲಿಡಬಾರದು. ಕೈಯಲ್ಲಿ ಹಿಡಿಯುವ ಯಂತ್ರವನ್ನು ಕಪಾಟಿನ ಮುಂದೆ ಸರಿಸಿದರೆ, ತಪ್ಪು ಸ್ಥಳದಲ್ಲಿ ಸೇರಿಕೊಂಡ ಪುಸ್ತಕ ಅದರಿಂದ ಪತ್ತೆಯಾಗುತ್ತದೆ. ಸ್ಥಳ ತಪ್ಪಿದ ಪುಸ್ತಕ ಓದುಗನ ಪಾಲಿಗೆ ಕಳುವಾದ ಪುಸ್ತಕವೇ.

ನಾಲ್ಕನೆಯದಾಗಿ, ವಿದ್ಯುತ್ ತಂತಿಗಳ ವಾರ್ಷಿಕ ತಪಾಸಣೆ, ಹೊಗೆಯನ್ನು ಕಂಡು ಎಚ್ಚರಿಸುವ ಉಪಕರಣ, ಮಳೆಗಾಲಕ್ಕೆ ಮುಂಚೆ ಛಾವಣಿಯ ದುರಸ್ತಿ, ಅಪೂರ್ವ ಗ್ರಂಥಗಳ ಛಾಯಾಪ್ರತಿ, ಇವುಗಳಿಗೆ ಆಯವ್ಯಯದಲ್ಲಿ ಮೊದಲ ಪಾಲು ಸಲ್ಲಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಐದನೆಯದು, ಪುಸ್ತಕಗಳಂತೆಯೇ ಓದುಗರ ಭದ್ರತೆ. ರಾತ್ರಿ ಎಂಟರವರೆಗೆ ವಾಚನ ಮಂದಿರ ತೆರೆದಿರುತ್ತದೆಂದು ಫಲಕ ಹಾಕಿ, ಬಸ್ ನಿಲ್ದಾಣದವರೆಗೆ ದೀಪವಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಆ ಬಾಗಿಲು ಸಂಜೆ ಆರಕ್ಕೇ ಮುಚ್ಚಿದಂತೆ. ಕ್ಯಾಮರಾಗಳು ದ್ವಾರವನ್ನು ನೋಡಲಿ. ಓದುಗನ ಪುಟವನ್ನು ನೋಡುವುದು ಬೇಡ. ಯಾರು ಏನನ್ನು ಓದಿದರೆಂಬ ದಾಖಲೆ, ಪುಸ್ತಕ ಹಿಂತಿರುಗಿದ ಮೇಲೆ ಹೆಸರಿನೊಡನೆ ಉಳಿಯಬೇಕಾದ ಅಗತ್ಯವಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ದೇಶವು ಕಾಯಿದೆಯನ್ನೇ ಮಾಡಿಕೊಂಡಿದೆ. ಅದರ ಆಶಯ ಮೊದಲು ಪಾಲನೆಯಾಗಬೇಕಾದ ಸ್ಥಳಗಳಲ್ಲಿ ಗ್ರಂಥಾಲಯವೂ ಒಂದು.

ಇವೆಲ್ಲಕ್ಕೂ ಹಣ ಬೇಕು, ಸಿಬ್ಬಂದಿ ಬೇಕು, ನಿಜ. ಎತ್ತರದ ಗೋಡೆಗೂ ಹಣ ಬೇಕಷ್ಟೆ? ಗೋಡೆಯ ಹೊರಗಿನವರು ಪುಸ್ತಕಭಂಡಾರವನ್ನು ತಮ್ಮದೆಂದು ಎಣಿಸಿದ ದಿನ, ಅಲ್ಲಿ ಹೊಗೆ ಕಂಡರೆ ಮೊದಲು ಕೊಡ ಹಿಡಿದು ಓಡಿಬರುವವರು ಅವರೇ. ಪರರದೆಂದು ಎಣಿಸಿದಷ್ಟು ದಿನ, ಅದು ಉಳಿದರೂ ಅವರಿಗೆ ಅಷ್ಟೇ, ಸುಟ್ಟರೂ ಅಷ್ಟೇ. ಸರ್ಜಾಪುರದ ನೇಕಾರರ ಮಗಳಿಗೆ ಕೊಟ್ಟ ಒಂದು ಓದುಗರ ಚೀಟಿ ಧರ್ಮಕ್ಕೆ ಕೊಟ್ಟದ್ದಲ್ಲ. ಅದು ಪುಸ್ತಕಭಂಡಾರ ತನಗಾಗಿ ನೇಮಿಸಿಕೊಂಡ, ಸಂಬಳವಿಲ್ಲದ ಕಾವಲುಗಾತಿ.