ನಾಯಿ ಬೇಡದ ಬಿರುದು

ನಾಯಿಯ ಬಾಲ ಎಂದಿಗೂ ಡೊಂಕು ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ತಿದ್ದಲಾಗದ ಸ್ವಭಾವಕ್ಕೆ ನಾಯಿಯನ್ನು ಉಪಮೆಯಾಗಿ ತಂದ ಈ ನಾಡೇ ಅದರ ಗುಣಕ್ಕೆ ಕಲ್ಲಿನ ಸಾಕ್ಷ್ಯವನ್ನೂ ನಿಲ್ಲಿಸಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಕ್ರಿ.ಶ. 950ರ ಸುಮಾರಿಗೆ ಸೇರಿದ್ದು. ಗಂಗರ ಬೂತುಗನ ಬಂಟನಾದ ಮಣಲೆರನು ಕಾಳಗದಲ್ಲಿ ಪರಾಕ್ರಮ ಮೆರೆದಾಗ ಅವನಿಗೆ ಬೇಡಿದ್ದನ್ನು ಪಡೆಯುವ ಅವಕಾಶ ಒದಗಿತು. ಅವನು ಹೊನ್ನನ್ನು ಬೇಡಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೊಂದು ದಿನ ಆ ನಾಯಿ ದೊಡ್ಡ ಕಾಡುಹಂದಿಯೊಡನೆ ಸೆಣಸಿತು. ಹಂದಿಯೂ ಸತ್ತಿತು, ಕಾಳಿಯೂ ಮಡಿಯಿತು. ಮಣಲೆರನು ಅದರ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿಯಾಗಿ ಬಿಟ್ಟನು.

ಕಾಳಿಗೆ ಈ ಗೌರವ ತಿಳಿಯಲಿಲ್ಲ. ಅದು ಬದುಕಿದ್ದರೂ ಕಲ್ಲಿನ ಮೇಲಿನ ಬರಹದಿಂದ ಅದಕ್ಕೆ ಆಗಬೇಕಾದುದೇನೂ ಇರಲಿಲ್ಲ. ಹಾಗಾದರೆ ಆ ಕಲ್ಲು ಯಾರ ಸಲುವಾಗಿ ನಿಂತಿತು? ಸಾವಿರ ವರ್ಷಗಳ ಬಳಿಕ ದೂರದ ಅಮೆರಿಕದಲ್ಲಿ ಬೆಳೆದ ಒಂದು ರೂಢಿ ಇದೇ ಪ್ರಶ್ನೆಯನ್ನು ಮತ್ತೆ ಎತ್ತುತ್ತದೆ. ಅಲ್ಲಿ ನಾಯಿಗಳಿಗೆ ವಿಧೇಯತೆಯ ಪರೀಕ್ಷೆಗಳು ನಡೆಯುತ್ತವೆ. ಅವುಗಳಿಗೆ ಅಂಕಗಳಿವೆ, ತೇರ್ಗಡೆಯಿದೆ, ಬಣ್ಣಬಣ್ಣದ ರಿಬ್ಬನ್ನುಗಳಿವೆ, ನಾಯಿಯ ಹೆಸರಿನೊಡನೆ ಸೇರಿಸಿ ಬರೆಯುವ ಬಿರುದುಗಳಿವೆ. ಗೆದ್ದ ನಾಯಿಗೆ ಇವುಗಳಲ್ಲಿ ಯಾವುದೂ ಬೇಕಿಲ್ಲ. ಬೇಡದ ಬಿರುದನ್ನು ಹೊತ್ತ ಪ್ರಾಣಿಯನ್ನು ಕಂಡು ನಗುವುದು ಸುಲಭ. ಆದರೆ ಆ ಬಿರುದು ಏನನ್ನು ಅಳೆಯುತ್ತದೆ, ಯಾವಾಗ ಅದಕ್ಕೆ ಬೆಲೆ ಬರುತ್ತದೆ, ಯಾವಾಗ ಅದು ಬೆಲೆಗೆಡುತ್ತದೆ ಎಂದು ವಿಚಾರಿಸಿ ನೋಡುವುದು ಮೇಲು. ಬಹುಮಾನಗಳ ಹಿಂದೆ ಓಡುವ ಮನುಷ್ಯನಿಗೆ ಅದರಲ್ಲಿ ಕಲಿಯಬೇಕಾದ ಪಾಠವಿದೆ.

ಈ ಪರೀಕ್ಷೆಗಳು ಹುಟ್ಟಿದ್ದು ಒಂದು ಅಸಮಾಧಾನದಿಂದ. ನಾಯಿಗಳ ಪ್ರದರ್ಶನಗಳು ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದಿದ್ದವು. ಅಲ್ಲಿ ತೀರ್ಪುಗಾರರು ನೋಡುತ್ತಿದ್ದುದು ಮೈಕಟ್ಟು, ರೋಮ, ಕಿವಿಯ ಆಕಾರ, ನಡಿಗೆಯ ಠೀವಿ ಮುಂತಾದ ತಳಿಯ ಲಕ್ಷಣಗಳನ್ನು. ಹುಟ್ಟಿನಿಂದ ಬಂದ ಚೆಲುವಿಗೆ ಅಲ್ಲಿ ಪದಕ. ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ ಪೂಡ್ಲ್ ತಳಿಯ ನಾಯಿಗಳನ್ನು ಸಾಕುತ್ತಿದ್ದರು. ಗುಂಗುರು ಕೂದಲನ್ನು ಚಿತ್ರವಿಚಿತ್ರವಾಗಿ ಕತ್ತರಿಸಿ ಅಲಂಕರಿಸುತ್ತಿದ್ದುದರಿಂದ ಪೂಡ್ಲ್ ಎಂದರೆ ಸಿರಿವಂತರ ಮನೆಯ ಬೊಂಬೆಯೆಂದು ಜನ ಹಾಸ್ಯಮಾಡುತ್ತಿದ್ದರು. ಆ ನಾಯಿಗೂ ಬುದ್ಧಿಯಿದೆ ಎಂಬುದನ್ನು ತೋರಿಸಲು ವಾಕರ್ ನಿಶ್ಚಯಿಸಿದರು. ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದ ಪರೀಕ್ಷೆಗಳನ್ನು ಮಾದರಿಯಾಗಿಟ್ಟುಕೊಂಡು 1933ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೊ ಎಂಬಲ್ಲಿ ಮೊದಲ ಪರೀಕ್ಷೆಯನ್ನು ಏರ್ಪಡಿಸಿದರು. ಅದರಲ್ಲಿ ಪಾಲ್ಗೊಂಡ ನಾಯಿಗಳು ಎಂಟೇ ಎಂಟು. ಆದರೂ ಬಿತ್ತಿದ ಬೀಜ ಹುಸಿಹೋಗಲಿಲ್ಲ. 1936ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ಎಂಬ ಸಂಸ್ಥೆ ಈ ಪರೀಕ್ಷೆಗಳಿಗೆ ನಿಯಮಗಳನ್ನು ರೂಪಿಸಿ ಮನ್ನಣೆ ನೀಡಿತು. ಮರುವರ್ಷ ವಾಕರ್ ಅವರೂ ಅವರ ಜೊತೆಗಾತಿ ಬ್ಲಾಂಚ್ ಸಾಂಡರ್ಸ್ ಅವರೂ ಪೂಡ್ಲ್ ನಾಯಿಗಳೊಡನೆ ವಾಹನದಲ್ಲಿ ಸುಮಾರು 10,000 ಮೈಲಿ ಸಂಚರಿಸಿ, ಊರೂರಿನಲ್ಲಿ ಪ್ರಾತ್ಯಕ್ಷಿಕೆ ನೀಡಿದರು. ಹುಟ್ಟಿನ ಚೆಲುವಿಗೆ ಮೀಸಲಾಗಿದ್ದ ಕಣದಲ್ಲಿ ಕಲಿಕೆಗೂ ಸ್ಥಾನ ದೊರೆತುದು ಹೀಗೆ.

ಪರೀಕ್ಷೆಯ ಕ್ರಮ ಸರಳವಾದರೂ ಕಟ್ಟುನಿಟ್ಟಾದುದು. ಒಟ್ಟು 200 ಅಂಕಗಳು. ತೇರ್ಗಡೆಗೆ 170 ಬೇಕು. ಅಷ್ಟೇ ಸಾಲದು, ಪ್ರತಿಯೊಂದು ಅಭ್ಯಾಸದಲ್ಲಿಯೂ ಅದಕ್ಕೆ ಗೊತ್ತುಮಾಡಿದ ಅಂಕಗಳ ಅರ್ಧಕ್ಕಿಂತ ಹೆಚ್ಚು ದೊರೆಯಬೇಕು. ಒಂದರಲ್ಲಿ ಮೆರೆದು ಇನ್ನೊಂದನ್ನು ಕೈಬಿಟ್ಟವನಿಗೆ ಅಲ್ಲಿ ಉಳಿಗಾಲವಿಲ್ಲ. ಮೊದಲ ಮೆಟ್ಟಿಲಿನಲ್ಲಿ ನಾಯಿ ಒಡೆಯನ ಎಡಮಗ್ಗುಲಿನಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು. ಮೊದಲು ಕೊರಳಿಗೆ ಹಗ್ಗವಿರುತ್ತದೆ, ಆಮೇಲೆ ಅದೂ ಇರುವುದಿಲ್ಲ. ಅಪರಿಚಿತನಾದ ತೀರ್ಪುಗಾರ ಮೈಮುಟ್ಟಿದಾಗ ಅಲುಗದೆ ನಿಲ್ಲಬೇಕು. ದೂರದಿಂದ ಒಮ್ಮೆ ಕರೆದೊಡನೆ ಓಡಿಬಂದು ಒಡೆಯನ ಮುಂದೆ ನೆಟ್ಟಗೆ ಕೂರಬೇಕು. ಕೂತದ್ದು ಸ್ವಲ್ಪ ಓರೆಯಾದರೂ ಅರ್ಧ ಅಂಕ ಕಳೆಯುತ್ತದೆ. ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾದ ನಾಯಿಗೆ ‘ಕಂಪ್ಯಾನಿಯನ್ ಡಾಗ್’, ಎಂದರೆ ಒಡನಾಡಿ ನಾಯಿ, ಎಂಬ ಬಿರುದು ಸಲ್ಲುತ್ತದೆ. ಒಬ್ಬನೇ ತೀರ್ಪುಗಾರನ ಒಲವಿನಿಂದ ಅದು ದೊರೆಯದು. ಇದಕ್ಕಿಂತ ಮೇಲೆ ಇನ್ನೂ ಕಠಿಣವಾದ ಮೆಟ್ಟಿಲುಗಳಿವೆ.

ಮೇಲಿನ ಮೆಟ್ಟಿಲಿನ ಒಂದು ಪರೀಕ್ಷೆ ಗಮನಾರ್ಹವಾದುದು. ತೊಗಲಿನಿಂದಲೂ ಲೋಹದಿಂದಲೂ ಮಾಡಿದ, ನೋಡಲು ಒಂದೇ ತೆರನಾದ ಹಲವು ಚಿಕ್ಕ ವಸ್ತುಗಳನ್ನು ನೆಲದ ಮೇಲೆ ಹರಡಿರುತ್ತಾರೆ. ಒಡೆಯನು ಅವುಗಳಲ್ಲಿ ಒಂದನ್ನು ಮಾತ್ರ ಅಂಗೈಯಲ್ಲಿ ಉಜ್ಜಿ ತನ್ನ ವಾಸನೆ ಹತ್ತಿಸುತ್ತಾನೆ. ಅದನ್ನು ಬೇರೆಯವರ ಕೈ ತಾಗದಂತೆ ಉಳಿದವುಗಳ ನಡುವೆ ಇಡಲಾಗುತ್ತದೆ. ಆಗ ನಾಯಿಯೂ ಒಡೆಯನೂ ಆ ಕಡೆಗೆ ಬೆನ್ನು ಮಾಡಿ ನಿಂತಿರುತ್ತಾರೆ. ಅನಂತರ ಅಪ್ಪಣೆಯಾದೊಡನೆ ನಾಯಿ ಹೋಗಿ, ಒಂದೊಂದನ್ನೂ ಮೂಸಿ, ತನ್ನವನ ಕೈಯ ಕಂಪಿರುವ ವಸ್ತುವನ್ನೇ ಕಚ್ಚಿ ತರಬೇಕು. ಯಾವುದು ಆ ವಸ್ತುವೆಂದು ಮೂಗಿನಿಂದ ಹೇಳಲು ಒಡೆಯನಿಂದ ಸಾಧ್ಯವಿಲ್ಲ. ಅಲ್ಲಿ ಬಲ್ಲುದು ನಾಯಿ. ನಂಬಿ ಸುಮ್ಮನೆ ನಿಲ್ಲಬೇಕಾದವನು ಮನುಷ್ಯ. ವಿಧೇಯತೆ ಎಂದರೆ ಹೇಳಿದಂತೆ ಕುಣಿಯುವುದು ಮಾತ್ರವೆಂದು ತಿಳಿದವರು ಈ ಗಳಿಗೆಯನ್ನು ನೋಡಬೇಕು. ಇಲ್ಲಿ ಆಜ್ಞೆ ಕೊಟ್ಟವನೇ ಕೈಕಟ್ಟಿ ಕಾಯುತ್ತಾನೆ.

ಹೀಗೆ ನೋಡಿದರೆ ಈ ಬಿರುದು ಅಳೆಯುವುದು ನಾಯಿಯನ್ನು ಎಷ್ಟೋ ಅದನ್ನು ಕಲಿಸಿದ ಮನುಷ್ಯನನ್ನೂ ಅಷ್ಟೇ. ಕೇಳದ ನಾಯಿಗೆ ಎರಡನೆಯ ಸಲ ಆಜ್ಞೆ ಕೊಟ್ಟರೆ ಅಂಕ ಹೋಗುತ್ತದೆ. ಗದರಿಸುವ ದನಿಗೂ ಅಂಕ ಕಳೆಯುತ್ತದೆ. ಕಣದೊಳಗೆ ತಿನಿಸು ತೋರಿಸುವಂತಿಲ್ಲ. ಹೊಡೆದರೆ ಅವನನ್ನು ಹೊರಗೆ ಕಳುಹಿಸುತ್ತಾರೆ. ನಾಯಿ ಕೆಲಸವನ್ನು ಮನಃಪೂರ್ವಕವಾಗಿ, ಸಂತೋಷದಿಂದ ಮಾಡುವಂತೆ ಕಾಣಬೇಕೆಂದು ನಿಯಮಾವಳಿಯೇ ಹೇಳುತ್ತದೆ. ಬಾಲ ಮುದುಡಿ, ಕಿವಿ ಬಿದ್ದು, ಅಂಜುತ್ತ ನಡೆಯುವ ನಾಯಿ ಹೆಜ್ಜೆ ತಪ್ಪದಿದ್ದರೂ ಪೂರ್ಣ ಗೌರವಕ್ಕೆ ಪಾತ್ರವಲ್ಲ. ಮನೆಯಂಗಳದಲ್ಲಿ ತಿಂಗಳುಗಟ್ಟಲೆ ಮನುಷ್ಯನು ತೋರಿದ ತಾಳ್ಮೆ ಕಣದಲ್ಲಿ ನಾಯಿಯ ನಡಿಗೆಯಾಗಿ ಪ್ರಕಟವಾಗುತ್ತದೆ. ಅವನ ಸಿಡುಕೂ ಅಷ್ಟೇ ಸ್ಪಷ್ಟವಾಗಿ ಅದರ ಕಣ್ಣಿನಲ್ಲಿ ಕಾಣುತ್ತದೆ.

ಆದರೆ ನಿಯಮದ ಆಶಯವೇ ಎಲ್ಲೆಡೆಯೂ ಆಚರಣೆಯಾಗುವುದೆಂದು ತಿಳಿಯುವುದು ಸರಿಯಲ್ಲ. ತೀರ್ಪುಗಾರ ನೋಡುವುದು ಕಣದೊಳಗಿನ ಕೆಲವು ನಿಮಿಷಗಳನ್ನು ಮಾತ್ರ. ಅಂಗಳದಲ್ಲಿ ನಡೆದುದು ಅವನಿಗೆ ಕಾಣದು. ಬಹುಕಾಲ ನಾಯಿಗಳಿಗೆ ಕಲಿಸುತ್ತಿದ್ದುದು ಕೊರಳು ಬಿಗಿಯುವ ಸರಪಳಿಯನ್ನು ಹಾಕಿ ಜಗ್ಗುವ ವಿಧಾನದಿಂದ. 1962ರಲ್ಲಿ ಪ್ರಕಟವಾದ ವಿಲಿಯಂ ಕೋಲರ್ ಅವರ ಪುಸ್ತಕ ಈ ಬಗೆಯ ಶಿಕ್ಷಣಕ್ಕೆ ಹೆಸರಾಯಿತು. ಆ ದಾರಿಯಿಂದಲೂ ಬಿರುದುಗಳು ಬಂದವು. ಬದಲಾವಣೆಯ ಗಾಳಿ ಬೀಸಿದ್ದು ಒಂದು ವಿಚಿತ್ರವಾದ ದಿಕ್ಕಿನಿಂದ. ಕರೆನ್ ಪ್ರಯರ್ ಎಂಬ ಮಹಿಳೆ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ತರಬೇತಿ ನೀಡುತ್ತಿದ್ದರು. ಈಜುವ ಡಾಲ್ಫಿನ್ನಿನ ಕೊರಳಿಗೆ ಹಗ್ಗ ಹಾಕುವುದೆಲ್ಲಿಂದ ಬಂತು? ಮನಸ್ಸಿಲ್ಲದಿದ್ದರೆ ಅದು ದೂರ ಈಜಿ ಹೋದೀತು. ಆದ್ದರಿಂದ ಅದು ಸರಿಯಾದುದನ್ನು ಮಾಡಿದ ಕ್ಷಣದಲ್ಲಿಯೇ ಸೀಟಿ ಊದಿ ಮೀನು ಕೊಟ್ಟು ಕಲಿಸಬೇಕಾಗಿತ್ತು. 1984ರಲ್ಲಿ ಅವರು ಈ ಅನುಭವವನ್ನು ಪುಸ್ತಕವಾಗಿ ಬರೆದರು. ಅದು ನಾಯಿಗಳ ತರಬೇತುದಾರರ ಕಣ್ಣನ್ನೂ ತೆರೆಸಿತು. ಜಗ್ಗದೆಯೇ ಕಲಿಸಬಹುದಾದುದನ್ನು ಜಗ್ಗಿ ಕಲಿಸುವುದೇಕೆ ಎಂಬ ಪ್ರಶ್ನೆ ಎದ್ದಿತು. ಒಂದೇ ಬಣ್ಣದ ರಿಬ್ಬನ್ನು ಪ್ರೀತಿಯಿಂದ ಕಲಿತ ನಾಯಿಗೂ ಭಯದಿಂದ ಕಲಿತ ನಾಯಿಗೂ ದೊರೆಯಬಹುದಾದರೆ, ರಿಬ್ಬನ್ನನ್ನು ಮಾತ್ರ ನೋಡಿ ಬೆಲೆಕಟ್ಟುವವನು ಅರ್ಧ ಕುರುಡನೇ ಸರಿ.

ಇನ್ನೊಂದು ವಿಚಾರವಿದೆ. ಮೊದಲಿನ ಬಿರುದುಗಳೆಲ್ಲ ಅರ್ಹತೆಯ ಬಿರುದುಗಳು. ಹತ್ತು ನಾಯಿಗಳು 170ನ್ನು ದಾಟಿದರೆ ಹತ್ತಕ್ಕೂ ತೇರ್ಗಡೆ. ಒಂದರ ಗೆಲುವು ಇನ್ನೊಂದರ ಸೋಲಾಗುವುದಿಲ್ಲ. 1977ರಲ್ಲಿ ‘ಒಬೀಡಿಯೆನ್ಸ್ ಟ್ರಯಲ್ ಚಾಂಪಿಯನ್’ ಎಂಬ ಹೊಸ ಬಿರುದು ಬಂದಿತು. ಇದನ್ನು ಪಡೆಯಲು ಮೇಲಿನ ತರಗತಿಗಳಲ್ಲಿ ಉಳಿದ ನಾಯಿಗಳನ್ನು ಹಿಂದಿಕ್ಕಿ 100 ಗುಣಾಂಕಗಳನ್ನು ಗಳಿಸಬೇಕು, ಮೊದಲ ಸ್ಥಾನಗಳನ್ನೂ ಗೆಲ್ಲಬೇಕು. ಅದೇ ವರ್ಷ ಗೋಲ್ಡನ್ ರಿಟ್ರೀವರ್ ತಳಿಯ ‘ಮೋರ್‌ಲೆಂಡ್ಸ್ ಗೋಲ್ಡನ್ ಟೋಂಕಾ’ ಎಂಬ ನಾಯಿ ಈ ಬಿರುದಿಗೆ ಮೊದಲ ಒಡತಿಯಾಯಿತು.

ಈ ಬಗೆಯ ಮೇಲಾಟಕ್ಕೂ ಸಮರ್ಥನೆ ಇದೆ. ತೇರ್ಗಡೆಯ ಗೆರೆಯನ್ನು ದಾಟಿದ ಮೇಲೆ ಅನೇಕರು ಅಲ್ಲಿಯೇ ತೃಪ್ತರಾಗಿ ನಿಲ್ಲುತ್ತಾರೆ. ಮುಂದೆ ಓಡುವವನೊಬ್ಬನಿದ್ದರೆ ಹಿಂದಿನವನ ಕಾಲೂ ಚುರುಕಾಗುತ್ತದೆ. ಕಲೆ, ಕ್ರೀಡೆ, ವಿದ್ಯೆ ಎಲ್ಲದರಲ್ಲಿಯೂ ಇದು ಕಂಡ ಮಾತು. ಆದರೆ ಮೇಲಾಟದಲ್ಲಿ ಒಂದು ವಿಷವೂ ಅಡಗಿದೆ. ಅರ್ಹತೆಯ ಪರೀಕ್ಷೆಯಲ್ಲಿ ಪಕ್ಕದವನ ನಾಯಿ ತಪ್ಪಿದರೆ ಮರುಕ ಹುಟ್ಟುತ್ತದೆ. ಮೇಲಾಟದಲ್ಲಿ ಅದೇ ತಪ್ಪು ಲಾಭವಾಗುತ್ತದೆ. ಅರ್ಧ ಅಂಕಕ್ಕಾಗಿ ನಾಯಿಯ ಮೇಲೆ ಮುನಿಯುವ ಮನಸ್ಸು ಹುಟ್ಟುವುದೂ ಇಲ್ಲಿಯೇ. ನಾಯಿ ಸೋಲನ್ನು ಅರಿಯದು. ಒಡೆಯನ ಮುಖ ಬಾಡಿದುದನ್ನು ಮಾತ್ರ ಅರಿಯುತ್ತದೆ. ಆದ್ದರಿಂದ ಅರ್ಹತೆಯ ಬಿರುದಿಗೆ ಮೊದಲ ಗೌರವ ಸಲ್ಲಬೇಕು. ಮೇಲಾಟದ ಬಿರುದು ಅದರ ಹಿಂದೆ ಬರಬೇಕು. ನಿನ್ನೆಗಿಂತ ಇಂದು ಉತ್ತಮವಾಯಿತೇ ಎಂದು ಕೇಳುವವನ ಕೈಯಲ್ಲಿ ನಾಯಿ ಸುಖವಾಗಿರುತ್ತದೆ. ಯಾರನ್ನು ಸೋಲಿಸಿದೆ ಎಂದು ಮಾತ್ರ ಕೇಳುವವನ ಕೈಯಲ್ಲಿ ಅದು ಬರಿಯ ಉಪಕರಣವಾಗುತ್ತದೆ.

ಬಿರುದಿನ ಬೆಲೆ ಬಾಗಿಲಿನ ಅಗಲವನ್ನೂ ಅವಲಂಬಿಸಿದೆ. ಹುಟ್ಟಿನ ಚೆಲುವಿಗಿಂತ ಕಲಿಕೆ ದೊಡ್ಡದೆಂದು ಸಾರಲು ಹುಟ್ಟಿದ ಈ ಪರೀಕ್ಷೆಗಳು ಹುಟ್ಟನ್ನೇ ಹೊಸಿಲಿನಲ್ಲಿ ಕೇಳುತ್ತಿದ್ದುದು ವಿಪರ್ಯಾಸ. ಅಮೆರಿಕನ್ ಕೆನೆಲ್ ಕ್ಲಬ್ಬಿನ ಕಣದೊಳಗೆ ಮಿಶ್ರ ತಳಿಯ ನಾಯಿಗಳಿಗೆ ಪ್ರವೇಶ ದೊರೆತದ್ದು 2010ರಲ್ಲಿ. 1936ರಿಂದ ಲೆಕ್ಕಹಾಕಿದರೆ ಎಪ್ಪತ್ತನಾಲ್ಕು ವರ್ಷ ಅವು ಹೊರಗೆ ಉಳಿದಿದ್ದವು. ಕರೆದಾಗ ಬರುವುದಕ್ಕೆ, ತಾಳ್ಮೆಯಿಂದ ಕೂರುವುದಕ್ಕೆ, ಒಡೆಯನ ಕೈಯ ವಾಸನೆಯನ್ನು ಗುರುತಿಸುವುದಕ್ಕೆ ವಂಶಾವಳಿಯ ಪತ್ರ ಏಕೆ ಬೇಕು? ತಡವಾಗಿಯಾದರೂ ಬಾಗಿಲು ತೆರೆದುದು ಒಳಿತಾಯಿತು. ಯೋಗ್ಯತೆಯನ್ನು ಅಳೆಯುವೆನೆನ್ನುವ ಯಾವ ಪರೀಕ್ಷೆಯೂ ಯೋಗ್ಯರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬಾರದು.

ನಾಯಿಯ ಪಾಡಿಗೆ ನಾಯಿಯನ್ನು ಬಿಡದೆ ಮನುಷ್ಯನು ತನ್ನ ಪ್ರತಿಷ್ಠೆಗಾಗಿ ಅದನ್ನು ಕುಣಿಸುವುದು ಸರಿಯೇ ಎಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನೊಡನೆ ಬಾಳಿದ ಪ್ರಾಣಿ. ಕೆಲಸವಿಲ್ಲದೆ ಸರಪಳಿಯಲ್ಲಿ ಕಟ್ಟುಬಿದ್ದು ದಿನವಿಡೀ ಬೊಗಳುವ ನಾಯಿಗಿಂತ, ಒಡೆಯನೊಡನೆ ನಿತ್ಯ ಅರ್ಧ ಗಂಟೆ ಕಲಿಯುವ ನಾಯಿ ಸುಖಿ. ಕರೆದಾಗ ತಿರುಗಿ ಬರುವುದನ್ನು ಕಲಿತ ನಾಯಿ ರಸ್ತೆಯ ವಾಹನದಿಂದ ಪ್ರಾಣ ಉಳಿಸಿಕೊಳ್ಳಬಲ್ಲುದು. ಬಿರುದು ಬಾರದಿದ್ದರೂ ಈ ಲಾಭ ನಿಲ್ಲುತ್ತದೆ. ಕಲಿಕೆಯ ಫಲ ಕಲಿಕೆಯಲ್ಲಿಯೇ ಇದೆ. ಬಿರುದು ಅದಕ್ಕೆ ಹಾಕಿದ ಮುದ್ರೆ.

ಸ್ಪರ್ಧೆ ಮುಗಿದ ಸಂಜೆ ರಿಬ್ಬನ್ನು ಮನೆಯ ಗೋಡೆಗೆ ಏರುತ್ತದೆ. ನಾಯಿ ಅದರ ಕೆಳಗೆ ಸುರುಳಿಯಾಗಿ ಮಲಗುತ್ತದೆ. ಅದಕ್ಕೆ ದೊರೆತ ಬಹುಮಾನವೆಂದರೆ ಬೆನ್ನು ಸವರಿದ ಕೈ, ಮೆಚ್ಚಿದ ದನಿ, ಒಂದು ತುಣುಕು ತಿನಿಸು. ಸೋತಿದ್ದರೂ ಆ ಕೈ ಅದೇ ಪ್ರೀತಿಯಿಂದ ಸವರಿದರೆ ಗೋಡೆಯ ಮೇಲಿನ ರಿಬ್ಬನ್ನಿಗೆ ಅರ್ಥವಿದೆ. ಸೋತ ದಿನ ಆ ಕೈ ಹಿಂದೆಗೆದರೆ ಗೋಡೆ ತುಂಬ ರಿಬ್ಬನ್ನುಗಳಿದ್ದರೂ ಅವು ಬಣ್ಣದ ಬಟ್ಟೆಯ ಚೂರುಗಳು ಮಾತ್ರ. ಆತಕೂರಿನ ಮಣಲೆರನು ಕಲ್ಲನ್ನು ನಿಲ್ಲಿಸಿದ್ದು ಕಾಳಿ ಓದಲೆಂದಲ್ಲ. ಪಡೆದ ಉಪಕಾರವನ್ನು ಮರೆಯಬಾರದೆಂದು ಮನುಷ್ಯನು ತನಗೆ ತಾನೇ ಬರೆದುಕೊಂಡ ನೆನಪಿನ ಓಲೆ ಅದು. ನಾಯಿಯ ಹೆಸರಿನಲ್ಲಿ ಪಡೆಯುವ ಪ್ರತಿಯೊಂದು ಬಿರುದೂ ಅಂಥ ಓಲೆಯಾಗಿದ್ದರೆ, ಬೇಡದ ನಾಯಿಗೂ ಅದರಿಂದ ಒಳಿತೇ ಆದೀತು.