ಅಂಕಿಯೂ ಸಂಖ್ಯೆಯೂ

ಅಂಕಿಯೆಂಬುದು ಬರೆಯುವ ಗುರುತು. ಸಂಖ್ಯೆಯೆಂಬುದು ಎಣಿಸುವ ಪ್ರಮಾಣ. ಕನ್ನಡವು ಈ ಭೇದವನ್ನು ಎರಡು ಮಾತುಗಳಲ್ಲಿ ಇಟ್ಟುಕೊಂಡಿದ್ದರೂ, ನಮ್ಮ ಹುಡುಗಿಯರಿಗೆ ಅದು ಚೆನ್ನಾಗಿ ಮನಸ್ಸಿಗೆ ಹತ್ತುವುದು ಗಣಕಯಂತ್ರದ ಕೊಠಡಿಯಲ್ಲಿಯೇ. ಪೈಥಾನ್ ಭಾಷೆಯನ್ನು ಕಲಿಯಲಾರಂಭಿಸಿದವಳು ಕೀಲಿಗಳನ್ನೊತ್ತಿ 15 ಎಂದೂ 7 ಎಂದೂ ಕೊಟ್ಟು ಕೂಡಿಸಹೇಳಿದರೆ, ಯಂತ್ರವು 22 ಎನ್ನದೆ 157 ಎನ್ನುವುದು. ಕೀಲಿಮಣೆಯಿಂದ ಬಂದುದೆಲ್ಲವೂ ಅದಕ್ಕೆ ಸ್ಟ್ರಿಂಗ್, ಎಂದರೆ ಅಕ್ಷರಗಳ ಸರ; ಎರಡು ಸರಗಳನ್ನು ಕೂಡಿಸುವುದೆಂದರೆ ಒಂದರ ತುದಿಗೆ ಇನ್ನೊಂದನ್ನು ಪೋಣಿಸುವುದು. ಇಂಟ್ ಎಂಬ ಆಜ್ಞೆಯಿಂದ ಸರವನ್ನು ಸಂಖ್ಯೆಯಾಗಿ ಮಾರ್ಪಡಿಸಿದ ಮೇಲೆಯೇ 22 ದೊರೆಯುವುದು.

ಇಷ್ಟನ್ನು ಯಂತ್ರವೇ ಊಹಿಸಿಕೊಳ್ಳಬಾರದೇಕೆಂದು ಕೇಳುವ ತಂದೆತಾಯಿಗಳುಂಟು. ಊಹಿಸಿಕೊಳ್ಳುವ ಭಾಷೆಗಳೂ ಇವೆ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಸುಮಾರು ಹತ್ತು ದಿನಗಳಲ್ಲಿ ಮೊದಲ ರೂಪವನ್ನು ಕೊಟ್ಟ ಜಾವಾಸ್ಕ್ರಿಪ್ಟ್ ಅಂಥದು. ಅದರ ಪಾರ್ಸ್‌ಇಂಟ್ ಆಜ್ಞೆಗೆ 1,25,000 ಎಂಬ ಸರವನ್ನು ಒಪ್ಪಿಸಿದರೆ, ಅದು ಮೊದಲನೆಯ ಅಲ್ಪವಿರಾಮದಲ್ಲಿಯೇ ನಿಂತು, 1 ಎಂದು ಉತ್ತರ ಕೊಡುವುದು. ಒಂದು ಲಕ್ಷದ ಇಪ್ಪತ್ತೈದು ಸಾವಿರ ರೂಪಾಯಿ ಒಂದೇ ರೂಪಾಯಿಯಾಯಿತು. ಎಚ್ಚರಿಕೆಯ ಮಾತು ಒಂದೂ ಇಲ್ಲ. ಲೂಕನ ಸುವಾರ್ತೆಯಲ್ಲಿ ನೂರನ್ನು ಐವತ್ತೆಂದು ಬರೆಯಿಸಿದ ಮನೆವಾರ್ತೆಯವನಾದರೂ ತಾನು ಮಾಡುತ್ತಿರುವುದೇನೆಂಬುದನ್ನು ಬಲ್ಲವನಾಗಿದ್ದನು. ಅದೇ ಸರವನ್ನು ಪೈಥಾನಿನ ಇಂಟ್ ಆಜ್ಞೆಗೆ ಕೊಟ್ಟರೆ, ಇದನ್ನು ಸಂಖ್ಯೆಯಾಗಿ ಓದಲಾರೆನೆಂದು ಹೇಳಿ ಕೆಲಸವನ್ನು ನಿಲ್ಲಿಸಿಬಿಡುವುದು. ಕಲಿಯುವ ಮಕ್ಕಳಿಗೆ ಇಂಥ ಭಾಷೆಯೇ ತಕ್ಕದ್ದೆಂದು ನಮ್ಮ ದೃಢವಾದ ಅಭಿಪ್ರಾಯ.

ಹಣದ ವಿಷಯಕ್ಕಿಂತಲೂ ನಮಗೆ ಹೆಚ್ಚಾಗಿ ತೋರುವುದು ಅಂಕಪಟ್ಟಿಯ ಬರಿದಾದ ಮನೆ. ಒಬ್ಬ ಹುಡುಗಿಯ ಹೆಸರಿನ ಮುಂದೆ ಏನೂ ಬರೆದಿರುವುದಿಲ್ಲ. ಅವಳು ಜ್ವರದಿಂದ ಮಲಗಿದ್ದಳೋ, ತಾಯಿ ಕೂಲಿಗೆ ಹೋದುದರಿಂದ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಳೋ, ಅಥವಾ ಅವಳ ಉತ್ತರಪತ್ರಿಕೆಯನ್ನು ತಿದ್ದುವುದೇ ಬಾಕಿಯೋ, ಆ ಮನೆಯಿಂದ ತಿಳಿಯದು. ಜಾವಾಸ್ಕ್ರಿಪ್ಟಿನ ನಂಬರ್ ಎಂಬ ಆಜ್ಞೆಯು ಬರಿದಾದ ಸರವನ್ನು 0 ಎಂದು ಎಣಿಸುವುದು. ಪರೀಕ್ಷೆಗೆ ಬಾರದವಳೂ, ಬಂದು ಒಂದಕ್ಕೂ ಸರಿಯುತ್ತರ ಬರೆಯದವಳೂ ಹೀಗೆ ಒಂದೇ ಸಾಲಿಗೆ ಸೇರಿದರು. ತರಗತಿಯ ಸರಾಸರಿಯೂ ಕುಗ್ಗಿತು. ಪೈಥಾನ್ ಇಲ್ಲಿಯೂ ಒಪ್ಪದು. ಅದು ತೋರಿಸುವ ಕೆಂಪು ಅಕ್ಷರಗಳನ್ನು ಕಂಡು ಚಿಕ್ಕವರು ಅಂಜುತ್ತಾರೆಂಬ ಆಕ್ಷೇಪಣೆಯು ನಿಜವೇ. ಆ ಅಂಜಿಕೆ ಒಂದೆರಡು ವಾರಗಳಲ್ಲಿ ಹೋಗುವುದು. ತಪ್ಪಾಗಿ ಬಿದ್ದ ಸೊನ್ನೆಯನ್ನು ಯಾರೂ ಕಾಣದಿದ್ದರೆ ಅದು ಹುಡುಗಿಯ ಹೆಸರಿನೊಡನೆಯೇ ಹೋಗುವುದು.

ಇಷ್ಟು ಕಟ್ಟುನಿಟ್ಟಾದ ಪೈಥಾನ್ ನಮ್ಮ ಭಾಷೆಗೆ ಮಾತ್ರ ಉದಾರವಾಗಿದೆಯೆಂಬುದು ಸಂತೋಷದ ಸಂಗತಿ. ೭೫ ಎಂದು ಕನ್ನಡದ ಅಂಕಿಗಳಲ್ಲಿಯೇ ಬರೆದು ಇಂಟ್ ಆಜ್ಞೆಗೆ ಕೊಟ್ಟರೂ ಅದು ಎಪ್ಪತ್ತೈದೆಂದು ಸರಿಯಾಗಿ ಓದುವುದು. ಬರಿದನ್ನು ಸೊನ್ನೆಯೆಂದು ಒಪ್ಪಿದ ಜಾವಾಸ್ಕ್ರಿಪ್ಟಿಗೆ ಈ ೭೫ ಸಂಖ್ಯೆಯೇ ಅಲ್ಲವಂತೆ!

ಅಂಕಿಗಳಲ್ಲಿ ಬರೆದುದನ್ನೆಲ್ಲಾ ಮಾರ್ಪಡಿಸಬೇಕೆಂದೂ ಇಲ್ಲ. ದಾಖಲೆಯಲ್ಲಿ 0042 ಎಂದಿರುವುದನ್ನು ಸಂಖ್ಯೆಯಾಗಿ ಮಾಡಿದರೆ 42 ಉಳಿದು, ಮುಂದಿನ ಸೊನ್ನೆಗಳು ಅಳಿದುಹೋಗುವುವು. ದಾಖಲೆಯ ಅಂಕಿ, ದೂರವಾಣಿಯ ಅಂಕಿ, ಅಂಚೆಯ ಪಿನ್ ಇವು ಅಂಕಿಗಳ ಉಡುಪು ತೊಟ್ಟ ಹೆಸರುಗಳು. ಇಬ್ಬರ ದೂರವಾಣಿ ಅಂಕಿಗಳನ್ನು ಕೂಡಿಸಿ ಯಾರಿಗೇನು ಪ್ರಯೋಜನ?

ಒಂದು ದುರಭ್ಯಾಸವನ್ನು ಮಾತ್ರ ಇಲ್ಲಿ ಹೇಳಲೇಬೇಕು. ಯಂತ್ರವು ನಿಲ್ಲದಂತೆ ಟ್ರೈ, ಎಕ್ಸೆಪ್ಟ್ ಎಂಬ ಮಾತುಗಳಿಂದ ತಪ್ಪನ್ನು ಹಿಡಿದು, ಅಲ್ಲಿಯೇ ಸದ್ದಿಲ್ಲದೆ 0 ಎಂದು ಬರೆದುಬಿಡುವ ಹುಡುಗಿಯರುಂಟು. ಭಾಷೆಯು ಮಾಡಲೊಲ್ಲೆನೆಂದ ಊಹೆಯನ್ನು ತಾವೇ ಮಾಡಿದಂತಾಯಿತು. ಎಕ್ಸೆಪ್ಟ್ ಎಂಬುದರ ಕೆಳಗೆ ಆ ಹುಡುಗಿಯ ಹೆಸರನ್ನೂ ಓದಲಾಗದ ಸರವನ್ನೂ ತೆರೆಯ ಮೇಲೆ ತೋರಿಸುವ ಸಾಲೊಂದನ್ನು ಬರೆಯಿಸಿ, ಬಳಿಕ ಅವಳ ತರಗತಿಯ ಅಧ್ಯಾಪಕಿಯವರನ್ನು ಕೇಳಿಕೊಂಡು ಬರುವಂತೆ ಕಳುಹಿಸತಕ್ಕದ್ದು.