ಒಗ್ಗದ ಔಷಧಿ ಬೇರೆ ಹೆಸರಿನಲ್ಲಿ ಬಂದೀತು, ಎಚ್ಚರ

ಮಾತ್ರೆ ನುಂಗಿ ಮೈತುಂಬ ದದ್ದು ಎದ್ದಾಗ ವೈದ್ಯರು ಅದನ್ನು ನಿಲ್ಲಿಸುತ್ತಾರೆ. ದದ್ದು ಇಳಿಯುತ್ತದೆ, ಚೀಟಿ ಕಳೆದುಹೋಗುತ್ತದೆ. ಮುಂದೊಂದು ದಿನ ಹಲ್ಲುನೋವಿಗೋ ಜ್ವರಕ್ಕೋ ಅದೇ ಔಷಧಿ ಬೇರೆ ಕಂಪನಿಯ ಹೆಸರಿನಲ್ಲಿ ಮನೆ ಸೇರುತ್ತದೆ. ಒಂದೇ ಔಷಧಿಗೆ ಹತ್ತಾರು ಹೆಸರುಗಳಿರುವ, ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳು ಹೇರಳವಾಗಿರುವ ನಮ್ಮ ಮಾರುಕಟ್ಟೆಯಲ್ಲಿ ಇದು ಯಾರಿಗೂ ಆಗಬಹುದು.

ಎರಡನೇ ಸಲದ ಪರಿಣಾಮ ಮೊದಲಿನಷ್ಟೇ ಇರುತ್ತದೆಂಬ ಖಾತರಿಯಿಲ್ಲ. ಎಚ್ಐವಿಗೆ ಕೊಡುವ ಅಬಾಕವಿರ್ ಒಗ್ಗದೆ ನಿಲ್ಲಿಸಿದವರು ಮತ್ತೆ ಶುರು ಮಾಡಿದರೆ ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಮೂರ್ಛೆರೋಗದ ಕಾರ್ಬಮಜೆಪೀನ್‌ನಿಂದ ಚರ್ಮ ಸುಲಿದು, ಬಾಯಿ, ಕಣ್ಣು ಹುಣ್ಣಾದವರಿಗೆ ಅದನ್ನು ಮತ್ತೆಂದೂ ಕೊಡಬಾರದು.

ಹಾಗೆಂದು ಒಗ್ಗದ ಔಷಧಿಯನ್ನೆಲ್ಲ ಕೈಬಿಡಲೂ ಆಗದು. ಕ್ಷಯದ ಚಿಕಿತ್ಸೆಯಲ್ಲಿ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಬಂದರೆ ಮಾತ್ರೆ ನಿಲ್ಲಿಸಬೇಕು. ಆದರೆ ಚಿಕಿತ್ಸೆಯನ್ನೇ ಬಿಟ್ಟರೆ ಕ್ಷಯ ಬಿಡುವುದಿಲ್ಲ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಸಾಮಾನ್ಯ ಮಿತಿಯ ಎರಡು ಪಟ್ಟಿಗಿಂತ ಕೆಳಗಿಳಿದ ಮೇಲೆ ಒಂದೊಂದೇ ಔಷಧಿಯನ್ನು, ಸಾಮಾನ್ಯವಾಗಿ ಮೊದಲು ರಿಫಾಂಪಿಸಿನ್, ಕೆಲವು ದಿನ ಬಿಟ್ಟು ಐಸೋನಿಯಜಿಡ್, ಪರೀಕ್ಷೆ ಮಾಡುತ್ತಾ ಸೇರಿಸುತ್ತಾರೆ. ತೊಂದರೆ ಯಾವುದರಿಂದ ಎಂಬುದು ಹೀಗೆ ಗೊತ್ತಾಗುತ್ತದೆ. ಕ್ಷಯದ ನಾಲ್ಕು ಔಷಧಿಗಳೂ ಒಂದೇ ಮಾತ್ರೆಯಲ್ಲಿರುವಾಗ ಹೀಗೆ ಒಂದೊಂದಾಗಿ ಸೇರಿಸುವುದು ಸಾಧ್ಯವಿಲ್ಲ. ಕಾಮಾಲೆ ಇಳಿಯಿತೆಂದು ಮನೆಯಲ್ಲಿ ಉಳಿದ ಮಾತ್ರೆಯನ್ನೇ ಮತ್ತೆ ನುಂಗುವುದು ಅಪಾಯಕ್ಕೆ ಆಹ್ವಾನ. ಬಿಡಿ ಔಷಧಿಗಳು ಜಿಲ್ಲಾಸ್ಪತ್ರೆಗಳಲ್ಲಿ ಸದಾ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು.

ಔಷಧಿ ನಿಲ್ಲಿಸುವ ವೈದ್ಯರು ಅದರ ಮೂಲ ಹೆಸರು, ಆದ ತೊಂದರೆ, ತಾರೀಖು ಬರೆದ ಕಾರ್ಡನ್ನು ರೋಗಿಗೆ ಕೊಡಬೇಕು. ಮೆಡಿಕಲ್ ಶಾಪ್‌ನವರು ಮಾತ್ರೆ ಕೊಡುವ ಮುನ್ನ ‘ಯಾವುದಾದರೂ ಒಗ್ಗಲ್ವಾ?’ ಎಂದು ಕೇಳಬೇಕು. ಇಂಥ ಪರಿಣಾಮಗಳನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ದಾಖಲಿಸುತ್ತದೆ. ನೋವಿನ ಮಾತ್ರೆ ಮೆಫೆನಾಮಿಕ್ ಆಸಿಡ್‌ನ ಗಂಭೀರ ಅಲರ್ಜಿಯ ಬಗ್ಗೆ 2023ರಲ್ಲಿ ಅದು ಎಚ್ಚರಿಸಿದ್ದು ಇಂಥ ವರದಿಗಳ ಆಧಾರದಿಂದಲೇ. 1800-180-3024ಕ್ಕೆ ರೋಗಿಗಳೂ ಉಚಿತವಾಗಿ ಕರೆಮಾಡಿ ತಿಳಿಸಬಹುದು.

ಔಷಧಿ ಮತ್ತೆ ಶುರುವಾಗಬೇಕೇ ಬೇಡವೇ ಎಂಬುದು ವೈದ್ಯರು ಯೋಚಿಸಿ ಕೈಗೊಳ್ಳಬೇಕಾದ ತೀರ್ಮಾನ. ಅದು ಅಂಗಡಿಯ ಕಟ್ಟೆಯ ಮೇಲೆ ಅರಿಯದೇ ಆಗಿಹೋಗಬಾರದು. ನಿಮಗೆ ಒಗ್ಗದ ಔಷಧಿಯ ಮೂಲ ಹೆಸರನ್ನು ಇಂದೇ ಬರೆದಿಟ್ಟುಕೊಳ್ಳಿ.